ದುಬಾರಿ ಅಳತೆ ಸಾಮಾನು ಬೇಕಾ? ಆಚಾರ್ರನ್ನು ಕೇಳಿ

(ಮರಗೆಲಸದ ಗುಂಪಿನಲ್ಲಿ ಬೇರೆ ಬೇರೆ ಊರಿನವರು ಕೇಳಿದ್ದು, ಬಡಗಿ ಆಚಾರ್ರು ಹೇಳಿದ್ದು. ಕೇಳಿದವರ ಹೆಸರಿನ ಬದಲು ಊರಿದೆ.)

ಕಾಪು: ಆಚಾರ್ರೆ, ನಮಸ್ಕಾರ. ಮನೆಯಲ್ಲೇ ಮರದ ಕೆಲಸ ಶುರು ಮಾಡಿದ್ದೇನೆ. ದಪ್ಪ, ಅಗಲ ಸೂಕ್ಷ್ಮವಾಗಿ ಅಳೆಯಲು 0.01 ಮಿ.ಮೀ. ತೋರಿಸುವ ಡಿಜಿಟಲ್ ವರ್ನಿಯರ್ ತಗೊಳ್ಳಬೇಕಾ? ಜಪಾನಿನ ಮಿಟುಟೊಯೊ ಒಳ್ಳೇದು ಅಂತಾರೆ.

ಆಚಾರ್ರು: ನಮಸ್ಕಾರ. ಈಗ ಬೇಡ. ಮೊದಲು ಮೂಲೆ ನೇರ 90 ಡಿಗ್ರಿ ಇದೆಯಾ ನೋಡುವ ಒಳ್ಳೆ ಮೂಲೆಮಟ್ಟ, ಸ್ಟೀಲ್ ಸ್ಕೇಲು ತಗೊಳ್ಳಿ.

ಕಾರ್ಕಳ: ಏಪ್ರಿಲಿನಲ್ಲಿ ಹಲಸಿನ ಬಾಗಿಲು ಮಾಡಿದೆ. ವರ್ನಿಯರ್ ಹಿಡಿದೇ ಅಳೆದದ್ದು, ಸುತ್ತ ಅರ್ಧ ಮಿ.ಮೀ. ಸಂದು ಬಿಟ್ಟಿದ್ದೆ. ಈಗ ಜುಲೈಯಲ್ಲಿ ದಾರಂದಕ್ಕೆ (ಗೋಡೆಗೆ ಕೂರಿಸಿದ ಬಾಗಿಲುವಾಡಕ್ಕೆ) ಕಚ್ಚಿ ಕೂತಿದೆ. ಅಳತೆ ಎಲ್ಲಿ ತಪ್ಪಿತು?

ಆಚಾರ್ರು: ಅಳತೆ ತಪ್ಪಲಿಲ್ಲ, ಮರ ಹಿಗ್ಗಿತು. ನಮ್ಮ ಕಡೆ ಮಳೆಗಾಲದಲ್ಲಿ ಮರ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉದ್ದಕ್ಕೆ ಅಷ್ಟೇನಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಒಂದಡಿ ಅಗಲದ ಹಲಗೆ 2 ಮಿ.ಮೀ. ಹಿಗ್ಗುವುದು ಮಾಮೂಲು. ಅದರ ಮುಂದೆ 0.01 ಏನು ಮಾಡೀತು? ಗಾಬರಿಯಲ್ಲಿ ಜಾಸ್ತಿ ಕೀಸಬೇಡಿ, ಮಾರ್ಚಿನಲ್ಲಿ ಸಂದು ಬಾಯಿ ಬಿಡುತ್ತದೆ. ದಾರಂದದ ಅಂಚಿಗೆ ಸೀಮೆಸುಣ್ಣ ಹಚ್ಚಿ ಬಾಗಿಲು ಮುಚ್ಚಿ. ಬಾಗಿಲಿಗೆ ಬಿಳಿ ಹತ್ತಿದಲ್ಲಿ ಮಾತ್ರ ಎರಡು ಸಲ ಕೀಸುಳಿ ಎಳೆಯಿರಿ. ಮಳೆ ಬಿಟ್ಟು ಮರ ಒಣಗಿದ ಮೇಲೆ ಎಲ್ಲಾ ಅಂಚಿಗೂ ಪಾಲಿಶ್ ಹಾಕಿ. ಕೆಳಗಿನ ಅಂಚನ್ನು ಎಲ್ಲರೂ ಮರೆಯುತ್ತಾರೆ, ಮರ ನೀರು ಕುಡಿಯುವುದು ಅಲ್ಲಿಂದಲೇ. ಇನ್ನೊಂದು ವಿಷಯ, ಬಾಗಿಲಿನದೇ ಚೌಕಟ್ಟಿನೊಳಗಿನ ಹಲಗೆಗೆ ಗೋಂದು ಹಾಕಿ ಬಿಗಿದಿದ್ದೀರಾ? ನನಗೆ ಅದೇ ಚಿಂತೆ. ಬಿಗಿದಿದ್ದರೆ ಬೇಸಿಗೆಯಲ್ಲಿ ಸೀಳೀತು. ಫೋಟೋ ಹಾಕಿ.

ಸುರತ್ಕಲ್: ಫಾರ್ವರ್ಡ್ ಬಂದದ್ದು: ‘ಟೇಪಿನ ಕೊಕ್ಕೆ ಅಲ್ಲಾಡಿದರೆ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿ.’

ಆಚಾರ್ರು: ಯಾರೂ ಬಡಿಯಬೇಡಿ! ಕೊಕ್ಕೆ ಅಲ್ಲಾಡಲೇಬೇಕು. ತನ್ನ ದಪ್ಪದಷ್ಟೇ ಸರಿಯುತ್ತದೆ. ಹೊರಗೆ ಸಿಕ್ಕಿಸಿ ಎಳೆದರೂ ಒಳಗೆ ಒತ್ತಿ ಹಿಡಿದರೂ ಅಳತೆ ಸರಿ ಬರಲಿ ಅಂತ ಹಾಗೆ ಮಾಡಿರುವುದು. ಈ ಮೆಸೇಜು ಮೂರನೇ ಸಲ ಬಂತು. ಸುಮ್ನೆ ಕಳಿಸುವುದು ನಿಲ್ಲಿಸಿ.

ಮಲ್ಪೆ: ಯಾವ ಕಂಪೆನಿಯ ವರ್ನಿಯರ್ ತಗೊಳ್ಳಲಿ?

ಆಚಾರ್ರು: ಮೇಲೆ ಓದಿ.

ಬೈಕಂಪಾಡಿ: ವರ್ನಿಯರ್ ಬೇಡವೇ ಬೇಡ ಅಂದರೆ ಹೇಗೆ? 18 ಮಿ.ಮೀ. ದಪ್ಪ ಅಂತ ಕೊಟ್ಟ ಪ್ಲೈ 17 ಚಿಲ್ಲರೆ ಇರುತ್ತದೆ. ಅಳೆಯದೆ ಅದು ಕೂರುವ ಗ್ರೂವ್ (ಗಾಡಿ) ಹೊಡೆದರೆ ಸಡಿಲ ಆಗುತ್ತದೆ.

ಬ್ರಹ್ಮಾವರ: ನಮ್ಮ ಹಿರಿಯರು ಕೋಲಿನಲ್ಲಿ ಅಳೆದೇ ದೊಡ್ಡ ದೊಡ್ಡ ಗುತ್ತಿನ ಮನೆ ಕಟ್ಟಿದರು.

ಬೈಕಂಪಾಡಿ: ಆಗ ಪ್ಲೈ ಇತ್ತಾ ಮಾರಾಯ್ರೆ?

ಬ್ರಹ್ಮಾವರ: ಕೈ ಪಳಗದವರಿಗೆ ಸಾಮಾನೇ ಗತಿ.

ಬೈಕಂಪಾಡಿ: ನನ್ನ ಕೆಲಸ ನೋಡದೆ ಮಾತಾಡಬೇಡಿ.

ಮುಲ್ಕಿ: ಮರದ ತೇವ ನೋಡುವ ಮೀಟರ್ ತಗೋಬಹುದಾ?

ಆಚಾರ್ರು: ಜಗಳ ಸಾಕು. ಪ್ಲೈ ವಿಷಯ ಬೈಕಂಪಾಡಿಯವರು ಹೇಳಿದ್ದು ಸರಿ. ಆದರೆ ಅದಕ್ಕೆ ಸಾದಾ ವರ್ನಿಯರ್ ಸಾಕು.

ಕಾಪು: ಮೂಲೆಮಟ್ಟ ಸರಿ ಇದೆಯಾ ಅಂತ ಹೇಗೆ ನೋಡುವುದು?

ಆಚಾರ್ರು: ಹಲಗೆಯ ನೇರ ಅಂಚಿಗೆ ಹಿಡಿದು ಗೀರು ಹಾಕಿ. ಮಗುಚಿ ಹಿಡಿದು ಅದೇ ಜಾಗದಿಂದ ಇನ್ನೊಂದು. ಗೀರುಗಳು ಕವಲೊಡೆದರೆ, ಕಾಣುವ ಅಂತರದ ಅರ್ಧ ಮೂಲೆಮಟ್ಟದ ತಪ್ಪು. ಅಂಗಡಿಯಲ್ಲೇ ನೋಡಿ ತಗೊಳ್ಳಿ.

ಮಲ್ಪೆ: ಕಂಪೆನಿ ಹೆಸರು ಹೇಳಲಿಲ್ಲ?

ಆಚಾರ್ರು: ಕಾರ್ಕಳದವರೇ, ಫೋಟೋ ಎಲ್ಲಿ?