ಸಹಾಯ ಬೇಕು: ಕಠ್ಮಂಡುವಿನಲ್ಲಿ ವಿಜಯಪುರದ ಹಿಂದಿ ನಡೆಯುತ್ತದೆಯೇ?

ಮುಂದಿನ ತಿಂಗಳು ಅವ್ವನನ್ನು ಪಶುಪತಿನಾಥನ ದರ್ಶನಕ್ಕೆ ನೇಪಾಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿ ಸಾಕು. ಚಿಂತೆ ಇರುವುದು ನನ್ನ ನಾಲಗೆಯದು.

ನನ್ನ ಹಿಂದಿ ಎಂದರೆ ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಕಲಿತ ದಖನಿ, ಅಂದರೆ ನಮ್ಮ ಕಡೆಯ ಉರ್ದು. ಬೇಡ ಎನ್ನಲು ‘ನಕ್ಕೋ’, ಏಕೆ ಎನ್ನಲು ‘ಕೈಕೂ’, ಹಿರಿಯರಿಗೂ ಸಲಿಗೆಯ ‘ತುಮ್’ (ನೀನು). ಹಿಂದೊಮ್ಮೆ ಕಾಶಿಯಲ್ಲಿ ಅಂಗಡಿಯವನೊಬ್ಬ ಈ ‘ತುಮ್’ಗೇ ಮುಖ ಸಿಂಡರಿಸಿದ್ದ. ನೇಪಾಳಿಯಲ್ಲಿಯೂ ಗೌರವಕ್ಕೆ ‘ತಪಾಈಂ’, ಸಲಿಗೆಗೆ ‘ತಿಮಿ’ ಎಂಬ ಭೇದವಿದೆ.

ಮೊಬೈಲಿನ ಅನುವಾದಕವನ್ನು ನಂಬಿ ನೋಡಿದೆ. ನನ್ನ ಪ್ರಶ್ನೆಯನ್ನು ಅದು ಚೆನ್ನಾಗಿಯೇ ಒದರುತ್ತದೆ, ಎದುರಿನವರ ವೇಗದ ಉತ್ತರಕ್ಕೆ ಮಾತ್ರ ಮೂಕವಾಗುತ್ತದೆ. ‘ದಾಯಿ’ (ಅಣ್ಣ), ‘ದಿದಿ’ (ಅಕ್ಕ), ‘ಕತಿ’ (ಎಷ್ಟು), ಇಷ್ಟು ಬಾಯಿಪಾಠವಾಗಿದೆ. ಅಲ್ಲಿನ ಮುಖ್ಯ ಅರ್ಚಕರು ಕರ್ನಾಟಕ ಮೂಲದ ಭಟ್ಟರು ಎಂದು ಕೇಳಿದ ಅವ್ವ, ಕನ್ನಡದಲ್ಲೇ ಮಾತನಾಡಿದರಾಯಿತು ಎನ್ನುತ್ತಾಳೆ. ಗುಡಿಯೊಳಗೆ ಸರಿ, ಟ್ಯಾಕ್ಸಿಯವನ ಹತ್ತಿರ?

ಹೋಗಿ ಬಂದವರು ದಯವಿಟ್ಟು ತಿಳಿಸಿ: ಟ್ಯಾಕ್ಸಿ, ಅಂಗಡಿಗಳಲ್ಲಿ ದಖನಿಗೇ ಗೌರವದ ‘ಆಪ್’ (ತಾವು) ಸೇರಿಸಿ ಆಡಿದರೆ ಅರ್ಥವಾಗುತ್ತದೆಯೇ? ಇಲ್ಲವಾದರೆ ನೇಪಾಳಿಯ ಯಾವ ಐದಾರು ಮಾತುಗಳನ್ನು ಕಲಿಯಲೇಬೇಕು?