ತುರ್ತು: ಅಗಸೆ ಎಣ್ಣೆ ಚೀಟಿಗೆ ‘ಸಪ್ಲಿಮೆಂಟ್’, ‘ಸೇಫ್’. ಕನ್ನಡದಲ್ಲಿ ಏನೆನ್ನೋಣ?

ಚೀಟಿಕಾರ:
ಗೆಳೆಯರೇ, ಅಗಸೆ ಎಣ್ಣೆ ಕ್ಯಾಪ್ಸೂಲಿನ ಡಬ್ಬಿಯೊಳಗಿಡುವ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಸಪ್ಲಿಮೆಂಟ್’ಗೆ ‘ಪೂರಕ ಆಹಾರ’ ಎಂದರೆ ಅಂಗನವಾಡಿ ನೆನಪಾಗುತ್ತದೆ, ಇಲ್ಲವೇ ಆರು ತಿಂಗಳ ಕೂಸಿಗೆ ತಿನ್ನಿಸುವ ರಾಗಿ ಸರಿ. ಇನ್ನೊಂದು, ‘ಮಿತವಾಗಿ ತೆಗೆದುಕೊಂಡರೆ ಸುರಕ್ಷಿತ’ ಎಂಬ ಸಾಲು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು ವೈದ್ಯರನ್ನು ಕೇಳಬೇಕು ಎಂಬ ಎಚ್ಚರಿಕೆ ಅದರ ಕೆಳಗೇ ಇದೆ. ಹಾಗಿದ್ದಮೇಲೆ ‘ಸುರಕ್ಷಿತ’ ಅನ್ನಬಹುದೇ?

ಹಳೆಗನ್ನಡಿ:
‘ಸುರಕ್ಷಿತ’ ಅಂದರೆ ಚೆನ್ನಾಗಿ ಕಾಪಿಟ್ಟದ್ದು. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಎಣ್ಣೆ ಸುರಕ್ಷಿತ, ಕುಡಿದವನ ಗತಿ ಬೇರೆ ಮಾತು. ‘ಕೇಡಿಲ್ಲದ’ ಅನ್ನಿ, ಮುಗಿಯಿತು. ಇನ್ನು ‘ಎಣ್ಣೆ’ ಎಂಬುದೇ ಎಳ್+ನೆಯ್, ಅಂದರೆ ಎಳ್ಳಿನ ಜಿಡ್ಡು. ಎಳ್ಳಿನದಷ್ಟೇ ಎಣ್ಣೆ. ನಿಮ್ಮದು ‘ಅಗಸೆನೆಯ್’ ಆಗಬೇಕು.

ಗಾಣದಮನೆ:
ಹಾಗಾದರೆ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಮೆಎಣ್ಣೆ ಎಲ್ಲ ತಪ್ಪೋ? ಸಂಸ್ಕೃತದ ‘ತೈಲ’ವೂ ತಿಲದಿಂದ, ಅಂದರೆ ಎಳ್ಳಿನಿಂದಲೇ ಬಂದದ್ದು, ಅವರು ಸಾಸಿವೆ ಎಣ್ಣೆಗೆ ‘ಸರ್ಷಪ ತೈಲ’ ಅನ್ನುವುದನ್ನು ಬಿಡಲಿಲ್ಲ. ನೀವು ಉಳಿಸಿಕೊಂಡ ‘ಅಗಸೆ’ ಕೂಡ ‘ಅತಸೀ’ಯ ತದ್ಭವ, ಸ್ವಾಮಿ.

ಹಳೆಗನ್ನಡಿ:
ತದ್ಭವ ಬೇರೆ, ಎರವಲು ಬೇರೆ. ಓದಿಕೊಂಡು ಬನ್ನಿ.

ಅಗಸಿಹಿಂಡಿ:
ನಮ್ಮ ಕಡೆ ಅಗಸಿ ಅಂದ್ರ ಊರ ಬಾಗಿಲಾನೂ ಹೌದು, ಹಿಂಡಿ ಮಾಡೂ ಕಾಳೂ ಹೌದು. ಅಗಸೆ ಮರ ಮತ್ತ ಬ್ಯಾರೆ. ಈ ಹೆಸರಿನ ಗೊಂದಲದಿಂದ ಯಾರಿಗೂ ಏನೂ ಆಗೂದಿಲ್ಲ. ಖರೇ ಗದ್ದಲ ಪೇಂಟ್ ಅಂಗಡ್ಯಾಗ ಐತಿ. ಇಂಗ್ಲಿಷಿನವರು ತಿನ್ನೂದಕ್ಕ ಫ್ಲ್ಯಾಕ್ಸ್‌ಸೀಡ್, ಕಟ್ಟಿಗಿಗೆ ಬಳಿಯೂದಕ್ಕ ಲಿನ್‌ಸೀಡ್ ಅಂತ ಹೆಚ್ಚಾಗಿ ಬ್ಯಾರೆ ಬ್ಯಾರೆ ಬರೀತಾರ. ನಾವು ಎರಡಕ್ಕೂ ಅಗಸಿ ಎಣ್ಣಿ. ‘ಬಾಯಿಲ್ಡ್ ಲಿನ್‌ಸೀಡ್’ ಅಂತ ಮಾರ್ತಾರಲ್ಲ, ಅದರಾಗ ಲಗೂ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸಿನ ಲವಣ ಹಾಕಿರ್ತಾರ. ಹಿಂದ ಸೀಸದ ಲವಣಾನೂ ಇರ್ತಿತ್ತು. ಯಾರರೆ ಅದನ್ನ ‘ಕಾಯಿಸಿದ ಅಗಸೆ ಎಣ್ಣೆ’ ಅಂತ ಕನ್ನಡ ಮಾಡಿದ್ರ, ಓದಿದವರು ಕಾಯಿಸಿದ್ದು ಇನ್ನೂ ಚಲೋ ಅಂತ ಕುಡದಾರು. ಚೀಟ್ಯಾಗ ‘ಖಾದ್ಯ’ ಅಂತ ದಪ್ಪಗೆ ಹಾಕ್ರಿ.

ಮಾತ್ರೆಅಂಗಡಿ:
ಇದು ಕೆಲಸಕ್ಕೆ ಬರುವ ಮಾತು. ಆ ಎಣ್ಣೆ ಮರದ ಮೇಲೆ ಒಣಗುವುದೂ ಸೀಸೆಯಲ್ಲಿ ಕೆಡುವುದೂ ಒಂದೇ ಗುಣದಿಂದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ, ಅದು ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿಕೊಳ್ಳುತ್ತದೆ: ಮರದ ಮೇಲೆ ಗಟ್ಟಿಯಾಗುತ್ತದೆ, ಸೀಸೆಯಲ್ಲಿ ಕೆಡುತ್ತದೆ. ‘ಬೆಳಕು ತಾಗದಂತೆ ತಂಪಿನಲ್ಲಿಡಿ, ಕಮಟು ನಾತ ಬಂದರೆ ಬಿಸಾಡಿ’ ಎಂದು ಬರೆಯಿರಿ. (‘ಕಮಟು’ ಇರುವಾಗ ‘ವಿಕೃತಗಂಧ’ ತರಬೇಡಿ, ಪ್ಲೀಸ್.) ಹಸಿ ಕಾಳಿನಲ್ಲಿ ಸೈನೈಡ್ ಬಿಡುವ ಅಂಶವಿದೆ, ಎಣ್ಣೆಗೆ ಅದು ಇಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಕಾಳಿನ ಎಚ್ಚರಿಕೆಯನ್ನು ಇಲ್ಲಿಗೆ ಅಂಟಿಸಬೇಡಿ. ‘ಔಷಧಿಯಾಗಿ ಬಳಸಲು ಅಲ್ಲ’ ಎಂಬ ಸಾಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ ಬೇಕೇ ಬೇಕು. ‘ಸುರಕ್ಷಿತ’, ‘ಕೇಡಿಲ್ಲದ’ ಎರಡನ್ನೂ ಕಿತ್ತುಹಾಕಿ. ಯಾರಿಗೆ, ಎಷ್ಟು ಎಂದು ಹೇಳದೆ ‘ಮಿತವಾಗಿ’ ಅಂದರೆ ಏನರ್ಥ? ದಿನಕ್ಕೆ ಎಷ್ಟು ಕ್ಯಾಪ್ಸೂಲು, ಅದನ್ನು ಬರೆಯಿರಿ.

ಚೀಟಿಕಾರ:
‘ಪೋಷಕಾಂಶ ಪೂರಕ’ ಮತ್ತು ‘ಖಾದ್ಯ ಅಗಸೆ ಎಣ್ಣೆ’ ಎಂದು ಹಾಕುತ್ತಿದ್ದೇನೆ. ‘ಸುರಕ್ಷಿತ’ ತೆಗೆದೆ. ಪ್ರಮಾಣ ಎಷ್ಟೆಂದು ತಯಾರಕರನ್ನು ಕೇಳಿದ್ದೇನೆ.

ಹಳೆಗನ್ನಡಿ:
‘ಖಾದ್ಯ’ ಯಾಕೆ? ‘ಅಡುಗೆ ಎಣ್ಣೆ’ ಸತ್ತುಹೋಯಿತೇ?

ಮಾತ್ರೆಅಂಗಡಿ:
ಅಡುಗೆಗೆ ಕಾಯಿಸಬಾರದ ಎಣ್ಣೆ ಸಾರ್ ಇದು!