ಪ್ಲಾಸ್ಮಾದಲ್ಲಿ ಆಸ್ಪಿರಿನ್: ಸೊನ್ನೆ ನಿಮಿಷದಲ್ಲೇ ಸ್ಯಾಲಿಸಿಲಿಕ್ ಆಸಿಡ್ ಪೀಕ್ ಯಾಕೆ?

ಲ್ಯಾಬ್‌ಗೆ ಹೊಸಬಳು:
ಎಲ್ಲರಿಗೂ ನಮಸ್ಕಾರ. ಮನುಷ್ಯರ ಪ್ಲಾಸ್ಮಾಗೆ ಆಸ್ಪಿರಿನ್ ಸೇರಿಸಿ 37 ಡಿಗ್ರಿಯಲ್ಲಿ ಇಡುತ್ತೇನೆ. ಅದು ಎಷ್ಟು ಬೇಗ ಒಡೆದು ಸ್ಯಾಲಿಸಿಲಿಕ್ ಆಸಿಡ್ ಆಗುತ್ತದೆ ಅಂತ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಕಾಲಮ್‌ನಲ್ಲಿ ಬೇರ್ಪಡಿಸಿ, ಒಂದೊಂದನ್ನೂ ಪೀಕ್ ಆಗಿ ತೋರಿಸುವ ಯಂತ್ರ) ನೋಡಬೇಕು. ಸಿ-18 ಕಾಲಮ್, ಯುವಿ 230 ನ್ಯಾನೋಮೀಟರ್, ಆಸ್ಪಿರಿನ್ ಸ್ಟಾಕ್ (ಮೊದಲೇ ಮಾಡಿಟ್ಟ ಗಟ್ಟಿ ದ್ರಾವಣ) ಮೆಥನಾಲ್‌ನಲ್ಲಿ. ಸ್ಯಾಂಪಲ್ ತೆಗೆದ ಕೂಡಲೇ ಅಸಿಟೋನೈಟ್ರೈಲ್ ಹಾಕಿ ಪ್ರೋಟೀನ್ ತೆಗೆಯುತ್ತೇನೆ. ಆದರೂ ಸೊನ್ನೆ ನಿಮಿಷದ, ಅಂದರೆ ಆಸ್ಪಿರಿನ್ ಸೇರಿಸಿದ ಕೂಡಲೇ ತೆಗೆದ ಸ್ಯಾಂಪಲ್‌ನಲ್ಲೇ ಸ್ಯಾಲಿಸಿಲಿಕ್ ಪೀಕ್ ಎದ್ದು ಕಾಣುತ್ತದೆ. ಬೆಳಿಗ್ಗೆಯ ವಯಲ್ ಅನ್ನೇ ಸಂಜೆ ಇಂಜೆಕ್ಟ್ ಮಾಡಿದರೆ ಅದು ಇನ್ನೂ ದೊಡ್ಡದು! ಆಸ್ಪಿರಿನ್, ಸ್ಯಾಲಿಸಿಲಿಕ್ ಎರಡರ ಪೀಕ್ ಏರಿಯಾ ಕೂಡಿದರೆ ಲೆಕ್ಕವೂ ತಾಳೆಯಾಗುವುದಿಲ್ಲ. ಕಾಲಮ್ ಬದಲಿಸಬೇಕಾ?

ಹಳೇ ಕ್ರೊಮ್ಯಾಟೋಗ್ರಾಫರ್:
ಕಾಲಮ್ ಪಾಪ, ಅದನ್ನು ಸುಮ್ನೆ ಬಿಡಿ. ವಯಲ್‌ನಲ್ಲಿ ಇರುವುದನ್ನೇ ಅದು ತೋರಿಸುತ್ತಿದೆ.

ನನಗೆ ಮೊದಲ ಅನುಮಾನ ನಿಮ್ಮ ಮೆಥನಾಲ್ ಮೇಲೆ. ಆಸ್ಪಿರಿನ್‌ನ ಅಸಿಟೈಲ್ ಗುಂಪನ್ನು ಮೆಥನಾಲ್ ಮೆಲ್ಲಗೆ ಕಿತ್ತುಕೊಳ್ಳುತ್ತದೆ, ಉಳಿಯುವುದು ಸ್ಯಾಲಿಸಿಲಿಕ್ ಆಸಿಡ್. ಪ್ಲಾಸ್ಮಾ ಮುಟ್ಟುವ ಮೊದಲೇ ನಿಮ್ಮ ಸ್ಟಾಕ್ ಒಡೆದಿರಬಹುದು. ಸ್ಟಾಕ್ ಒಂದನ್ನೇ ಇಂಜೆಕ್ಟ್ ಮಾಡಿ ನೋಡಿ, ಗೊತ್ತಾಗುತ್ತದೆ. ಸ್ವಲ್ಪ ಆಸಿಡ್ ಸೇರಿಸಿದ ಅಸಿಟೋನೈಟ್ರೈಲ್‌ನಲ್ಲಿ ಪ್ರತಿದಿನ ಹೊಸದಾಗಿ ಮಾಡಿಕೊಳ್ಳಿ.

ಸೊನ್ನೆ ನಿಮಿಷ ಅಂದರೆ ನಿಜಕ್ಕೂ ಸೊನ್ನೆ ಆಗಿರಬೇಕು, ಅಲ್ವಾ? ಆ ಒಂದು ಟ್ಯೂಬ್‌ಗೆ ಮಾತ್ರ ಕ್ರಮ ತಿರುಗಿಸಿ. ಮೊದಲು ಪ್ಲಾಸ್ಮಾಗೆ ತಣ್ಣಗಿನ ಅಸಿಟೋನೈಟ್ರೈಲ್, ಆಮೇಲೆ ಔಷಧ. ಆಗಲೂ ಪೀಕ್ ಬಂದರೆ ಅದು ಆಸ್ಪಿರಿನ್ ಒಡೆಯುವ ಪ್ಲಾಸ್ಮಾದ ಎನ್‌ಜೈಮ್ ಕೆಲಸ ಅಲ್ಲ.

ಸಂಜೆಯ ಪೀಕ್‌ಗೆ ಕಾರಣ ಬೇರೆ. ಅಸಿಟೋನೈಟ್ರೈಲ್ ಎನ್‌ಜೈಮನ್ನು ನಿಲ್ಲಿಸುತ್ತದೆ, ನೀರು ಆಸ್ಪಿರಿನ್ ಒಡೆಯುವುದನ್ನು ನಿಲ್ಲಿಸುವುದಿಲ್ಲ. ಆಸ್ಪಿರಿನ್ ಅತಿ ನಿಧಾನವಾಗಿ ಒಡೆಯುವುದು ಪಿಎಚ್ 2-3ರ ಸುತ್ತ. ಅದಕ್ಕೇ ಅಸಿಟೋನೈಟ್ರೈಲ್‌ಗೆ ಫಾರ್ಮಿಕ್ ಆಸಿಡ್ ಬೆರೆಸಿ, ಒಂದು ಪಾಲು ಪ್ಲಾಸ್ಮಾಗೆ ಮೂರು ಪಾಲು ಹಾಕಿ. ವಯಲ್‌ಗಳು ಕಾಯುವ ಆಟೋಸ್ಯಾಂಪ್ಲರ್ 4 ಡಿಗ್ರಿಯಲ್ಲಿರಲಿ. ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಯುವ ದ್ರವ) ಕೂಡ ಆಮ್ಲೀಯವಾಗಿರಬೇಕು, ಪಿಎಚ್ ಸುಮಾರು 2.5. ಇಲ್ಲದಿದ್ದರೆ ಎರಡೂ ಅಯಾನ್ ಆಗಿ ಪ್ಲಾಸ್ಮಾದ ಕಸದ ಜೊತೆ ಶುರುವಿನಲ್ಲೇ ಹೊರಬೀಳುತ್ತವೆ.

ಮೋಲ್ ಲೆಕ್ಕದವರು:
ಏರಿಯಾ ಕೂಡಬೇಡಿ. 230ರಲ್ಲಿ ಎರಡರ ಹೀರಿಕೆಯೂ ಒಂದೇ ಅಲ್ಲ. ಬೇರೆ ಬೇರೆ ಕ್ಯಾಲಿಬ್ರೇಶನ್ ಗೆರೆ ಹಾಕಿ, ಮೋಲ್‌ಗೆ ತಿರುಗಿಸಿ ಕೂಡಿ. 180 ಮೈಕ್ರೋಗ್ರಾಂ ಆಸ್ಪಿರಿನ್ ಪೂರ್ತಿ ಒಡೆದರೆ 138 ಮೈಕ್ರೋಗ್ರಾಂ ಸ್ಯಾಲಿಸಿಲಿಕ್ ಆಸಿಡ್ ಬರುತ್ತದೆ. ಸ್ಯಾಲಿಸಿಲಿಕ್ ಅನ್ನು 300ರ ಹತ್ತಿರ ನೋಡಿದರೆ ಇನ್ನೂ ಒಳ್ಳೆಯದು. ಅಲ್ಲಿ ಆಸ್ಪಿರಿನ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಲ್ಯಾಬ್‌ಗೆ ಹೊಸಬಳು:
ಸ್ಟಾಕ್ ಇಂಜೆಕ್ಟ್ ಮಾಡಿದೆ. ಸ್ಯಾಲಿಸಿಲಿಕ್ ಅದರಲ್ಲೇ ಇದೆ! ಇನ್ನೊಂದು ಪ್ರಶ್ನೆ: ಕೊನೆಯ ಸ್ಯಾಂಪಲ್‌ಗಳಲ್ಲಿ ಆಸ್ಪಿರಿನ್ ತೀರಾ ಕಡಿಮೆ. ನೈಟ್ರೋಜನ್‌ನಲ್ಲಿ ಒಣಗಿಸಿ ಸಾಂದ್ರ ಮಾಡಲಾ? ಮುಂದೆ ಇಲಿ ಪ್ಲಾಸ್ಮಾದಲ್ಲೂ ಇದೇ ವಿಧಾನ ನಡೆಯುತ್ತಾ?

ಹಳೇ ಕ್ರೊಮ್ಯಾಟೋಗ್ರಾಫರ್:
ಒಣಗಿಸಬೇಡಿ. ಪೂರ್ತಿ ಒಣಗಿದರೆ ಸ್ಯಾಲಿಸಿಲಿಕ್ ಆಸಿಡ್ ಹಾರಿಹೋಗುತ್ತದೆ, ನಿಮ್ಮ ಮೋಲ್ ಲೆಕ್ಕ ಮತ್ತೆ ಕೆಡುತ್ತದೆ. ಪ್ರೋಟೀನ್ ತೆಗೆದ ಮೇಲೆ ಉಳಿಯುವ ಮೇಲಿನ ತಿಳಿಯನ್ನು ಆಸಿಡ್ ನೀರಿನಿಂದ ತೆಳು ಮಾಡಿ, ಇಂಜೆಕ್ಷನ್ ಪ್ರಮಾಣ ಜಾಸ್ತಿ ಮಾಡಿ. ಅಸಿಟೋನೈಟ್ರೈಲ್ ಜಾಸ್ತಿ ಇರುವ ತಿಳಿಯನ್ನು ಹಾಗೇ ಹಾಕಿದರೆ ಪೀಕ್ ಅಗಲವಾಗಿ ಹರಡುತ್ತದೆ.

ಇಲಿಯದ್ದು ಬೇರೆ ಕಥೆ. ಅದರ ಪ್ಲಾಸ್ಮಾದಲ್ಲಿ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಎನ್‌ಜೈಮ್ ಧಾರಾಳ, ಮನುಷ್ಯರ ಪ್ಲಾಸ್ಮಾದಲ್ಲಿ ಇಲ್ಲವೆಂದೇ ಹೇಳಬಹುದು. ನಮ್ಮಲ್ಲಿ ಆಸ್ಪಿರಿನ್ ಒಡೆಯುವುದರಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಇನ್ನೊಂದು ಎನ್‌ಜೈಮ್‌ನದು ದೊಡ್ಡ ಪಾಲು, ಅದನ್ನು ಫ್ಲೋರೈಡ್ ಟ್ಯೂಬ್ (ಫ್ಲೋರೈಡ್ ಹಾಕಿರುವ ರಕ್ತದ ಟ್ಯೂಬ್) ಹಿಡಿತದಲ್ಲಿಡುತ್ತದೆ. ಇಲಿಗೂ ಅಷ್ಟೇ ಸಾಕು ಅಂದುಕೊಳ್ಳಬೇಡಿ, ಮೊದಲು ಪರೀಕ್ಷೆ ಮಾಡಿ.